ನಾಲ್ಕೆಳೆಯ ಹೆರಳು

ಸತ್ತವರು ಬಂದು ಹೋದರು ಎಂದು ಹೇಳುವವರ ಬಗ್ಗೆ ನನಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿಲ್ಲ. ಕಲಬುರಗಿಯ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವನು ನಾನು. ನಾಲಿಗೆಯ ಮೇಲೆ ಕರ್ಪೂರ ಉರಿಸಿ, ಬರಿಗೈಯಿಂದ ವಿಭೂತಿ ಉದುರಿಸಿ, ಆಮೇಲೆ ಅದರ ಗುಟ್ಟು ಬಯಲು ಮಾಡಿ ಹಳ್ಳಿ ಹಳ್ಳಿಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಯಾರಾದರೂ ಇಂಥ ಕಥೆ ತಂದರೆ, ಹಿಂದಿನ ದಿನ ಏನು ಉಂಡಿದ್ದಿರಿ, ಎಷ್ಟು ಹೊತ್ತು ಮಲಗಿದ್ದಿರಿ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಅವರು ಪೆಚ್ಚಾಗಿ ಎದ್ದು ಹೋಗುವುದನ್ನು ನೋಡುವುದರಲ್ಲಿ ನನಗೊಂದು ಸುಖವೂ ಇತ್ತು, ಸುಳ್ಳೇಕೆ ಹೇಳಲಿ.

ಈಗ ನಾನೇ ಅಂಥದೊಂದನ್ನು ಹೇಳಲು ಕುಳಿತಿದ್ದೇನೆ. ಅದೇ ಪ್ರಶ್ನೆ ನೀವು ನನ್ನನ್ನು ಕೇಳಬಹುದು. ಉಂಡದ್ದು ಜೋಳದ ರೊಟ್ಟಿ, ಪುಂಡಿಪಲ್ಯ. ನಿದ್ದೆ ಮಾಡಿರಲಿಲ್ಲ. ಹೊತ್ತು ನಡುಹಗಲು.

ಸಂಗತಿ ನಮ್ಮ ಭಾವ ಗುಂಡಪ್ಪನವರದು. ನನ್ನ ಅಕ್ಕನ ಗಂಡ. ಊರು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ. ನನಗೆ ಅವರ ಮೇಲೆ ಗೌರವ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದ್ವೇಷವೇನೂ ಅಲ್ಲ. ದ್ವೇಷಿಸುವಷ್ಟು ದೊಡ್ಡ ಮನುಷ್ಯ ಅವರೆಂದು ನನಗೆ ಅನ್ನಿಸಿರಲೇ ಇಲ್ಲ.

ಅಫಜಲಪುರದ ಒಂದು ಸರಕಾರಿ ಕಚೇರಿಯಲ್ಲಿ ಅವರು ಗುಮಾಸ್ತರಾಗಿದ್ದರು. ಬೇರೆಯವರು ಅಲ್ಲಿ ಖೋಲಿ ಹಿಡಿದು ಶನಿವಾರ ಊರಿಗೆ ಬರುತ್ತಿದ್ದರು. ಭಾವ ಮಾತ್ರ ಕತ್ತಲಿರುವಾಗಲೇ ಎದ್ದು ಆಳಂದಕ್ಕೆ ಒಂದು ಬಸ್ಸು, ಅಲ್ಲಿಂದ ಅಫಜಲಪುರಕ್ಕೆ ಇನ್ನೊಂದು ಬಸ್ಸು ಹಿಡಿದು ಹೋಗಿ, ಸಂಜೆ ಹಾಗೆಯೇ ತಿರುಗಿ ಬರುತ್ತಿದ್ದರು. ಹದಿನಾಲ್ಕು ವರ್ಷ. ನಡುವೆ ಬಡ್ತಿ ಬಂತು, ಜೇವರ್ಗಿಗೆ. ಅಲ್ಲಿಂದ ದಿನಾ ಮನೆ ಮುಟ್ಟುವುದು ಆಗದ ಮಾತು ಎಂದು ಬಡ್ತಿಯನ್ನೇ ಬೇಡವೆಂದು ಬರೆದುಕೊಟ್ಟರು. ನಾನು ಆ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿ ಎಲ್ಲರನ್ನೂ ನಗಿಸಿದ್ದೆ.

ಮನೆಗೆ ಬಂದವರು ಕಾಲು ತೊಳೆದು ನೇರ ಅಡಿಗೆಮನೆಗೆ ಹೋಗಿ ಅಕ್ಕನ ಪಕ್ಕದಲ್ಲಿ ಕುಳಿತು ಬಳ್ಳೊಳ್ಳಿ ಸುಲಿಯುತ್ತಿದ್ದರು. ಹೋಟೆಲಿನಲ್ಲಿ ಚಹಾ ಕುಡಿಯಲಿಲ್ಲ, ಕಟ್ಟೆಯ ಮೇಲೆ ಇಸ್ಪೀಟು ಆಡಲಿಲ್ಲ, ಯಾವ ಪಾರ್ಟಿಗೂ ಜೈ ಅನ್ನಲಿಲ್ಲ, ಒಂದು ಪುಸ್ತಕ ಓದಲಿಲ್ಲ. ಗೆಳೆಯ ಎಂದು ಹೇಳಿಕೊಳ್ಳಲು ಒಬ್ಬನಿರಲಿಲ್ಲ. ನಾನು ಹೋದಾಗ ದೇಶದ ಸುದ್ದಿ ಎತ್ತಿದರೆ, ಹೌದ್ರಿ ಮಾಸ್ತರ್ರ, ಹೌದ್ರಿ ಎನ್ನುತ್ತ ಮಗನ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಇಂಥ ಮನುಷ್ಯನಿಗೆ ನಮ್ಮ ಅಕ್ಕನನ್ನು ಕೊಟ್ಟರಲ್ಲ ಎಂದು ಅಪ್ಪನ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಅಕ್ಕ ಓದಿನಲ್ಲಿ ನನಗಿಂತ ಚುರುಕಾಗಿದ್ದವಳು.

ಅಕ್ಕನಿಗೆ ಲಕ್ವಾ ಹೊಡೆದಾಗ ಭಾವನ ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು. ಅವರು ನೌಕರಿ ಬಿಟ್ಟು ಬಂದು ಮನೆಯಲ್ಲಿ ಕುಳಿತರು. ಅಕ್ಕನ ಬಲಗೈ, ಬಲಗಾಲು ಹೋಗಿದ್ದವು. ಮಾತು ಉಳಿಯಿತು, ಆದರೆ ತೊದಲು. ಹಾಸಿಗೆಯ ಮೇಲೆ ಎಬ್ಬಿಸಿ ಕೂಡಿಸಬೇಕಾದರೆ ಇಬ್ಬರು ಬೇಕು. ಭಾವ ಒಬ್ಬರೇ ಅದನ್ನು ಹೇಗೋ ಮಾಡುತ್ತಿದ್ದರು.

ಅಕ್ಕನ ಕೂದಲು ಸೊಂಟದ ಕೆಳಗೆ ಬರುತ್ತಿತ್ತು. ಎಲ್ಲರೂ ಮೂರೆಳೆಯ ಹೆರಳು ಹಾಕಿಕೊಂಡರೆ ನಮ್ಮ ಅವ್ವ ಅವಳಿಗೆ ಚಿಕ್ಕಂದಿನಿಂದ ನಾಲ್ಕೆಳೆಯದು ಹಾಕುತ್ತಿದ್ದಳು. ಅದು ಅಗಲವಾಗಿ, ಚಪ್ಪಟೆಯಾಗಿ ಬರುತ್ತದೆ. ಭಾವ ಅದನ್ನು ಅವ್ವನ ಹತ್ತಿರ ಕಲಿತರು. ಐವತ್ತೆಂಟು ವರ್ಷದ ಗಂಡಸು ಕಿಟಕಿಯ ಸರಳಿಗೆ ಪುಂಡಿನಾರು ಕಟ್ಟಿಕೊಂಡು, ಅತ್ತೆಯ ಮುಂದೆ ಕುಳಿತು, ತಪ್ಪಿದಾಗ ಬೈಸಿಕೊಳ್ಳುತ್ತ ಹೆರಳು ಕಲಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೆನ್ನ ಹಿಂದೆ ಹಾಕಿದರೆ ಮಲಗಿದಾಗ ಒತ್ತುತ್ತದೆಂದು ಅವರು ಅದನ್ನು ಎಡಗಿವಿಯ ಕೆಳಗಿನಿಂದ ಹೆಣೆದು ಎಡಭುಜದ ಮೇಲೆ ಮುಂದಕ್ಕೆ ಬಿಡುತ್ತಿದ್ದರು. ತುದಿಗೆ ಹಳೆಯ ಧೋತರದಿಂದ ಹರಿದ ಬಿಳಿ ಪಟ್ಟಿ. ಅಕ್ಕ ನೆಟ್ಟಗಿದ್ದ ಕೈಯಿಂದ ಅದನ್ನು ಹಿಡಿದುಕೊಂಡು ಮಲಗುತ್ತಿದ್ದಳು.

ಮಗಳು ಭಾಗ್ಯಾಳ ಮದುವೆ ಜೇವರ್ಗಿಯಲ್ಲಾಯಿತು. ಬೀಗರ ಊರು, ಕಲ್ಯಾಣ ಮಂಟಪ ತುಂಬ ಜನ. ಅಕ್ಕಿಕಾಳು ಹಾಕುವ ಹೊತ್ತಿಗೆ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಅಕ್ಕನ ಹೆರಳು ಸಡಿಲಾಗಿತ್ತು. ಭಾವ ಅಂಗಿಯ ಜೇಬಿನಿಂದ ಹಣಿಗೆ ತೆಗೆದು, ಅಷ್ಟು ಜನರ ನಡುವೆ, ನಿಂತುಕೊಂಡೇ ಕೂದಲು ಬಾಚುತ್ತ ಹೆಂಡತಿಯ ತಲೆ ಹಿಕ್ಕತೊಡಗಿದರು. ಹಿಂದಿನ ಸಾಲಿನವರು ಒಬ್ಬರನ್ನೊಬ್ಬರು ತಿವಿದು ನಕ್ಕರು. ನನ್ನ ಜೊತೆಗೆ ಬಂದಿದ್ದ ಮಾಸ್ತರರೊಬ್ಬರು ಆ ಮನುಷ್ಯ ಯಾರೆಂದು ಕೇಳಿದರು. ಗೊತ್ತಿಲ್ಲ ಎಂದೆ. ಊಟವಾದ ಮೇಲೆ ಭಾವನನ್ನು ಮೂಲೆಗೆ ಕರೆದು, ಮನೆಯಲ್ಲಿ ಸೊಸೆ ಇದ್ದಾಳೆ, ಬೀಗರ ಕಡೆ ಇಷ್ಟು ಹೆಣ್ಣುಮಕ್ಕಳಿದ್ದಾರೆ, ನಿಮಗೇಕೆ ಈ ಕೆಲಸ ಎಂದು ಕೇಳಿದೆ.

"ಅವ್ರು ಹಿಕ್ಕಿದ್ರ ಆಕಿಗಿ ನೋಯ್ತದ್ರಿ ಮಾಸ್ತರ್ರ," ಎಂದರು. ಅಷ್ಟೇ. ನಾಚಿಕೆಯಿಂದಲೂ ಅಲ್ಲ, ಹೆಮ್ಮೆಯಿಂದಲೂ ಅಲ್ಲ. ಬಸ್ಸಿನ ಟೈಮು ಹೇಳುವವರಂತೆ. ಆಮೇಲೆ ನಾನು ಅವರ ಜೊತೆ ಬೇಕಾದದ್ದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ.

ನಾಲ್ಕು ವರ್ಷದ ಹಿಂದೆ, ಚಳಿ ಶುರುವಾಗುವ ದಿನಗಳಲ್ಲಿ, ಒಂದು ಮುಂಜಾನೆ ಅಕ್ಕನಿಗೆ ಚಹಾ ಕುಡಿಸಿ ಕಪ್ಪು ತೊಳೆಯಲು ಹೋದವರು ಬಚ್ಚಲಲ್ಲೇ ಕುಸಿದು ತೀರಿಕೊಂಡರು. ಅರವತ್ತೇಳು ವರ್ಷ.

ಹನ್ನೊಂದನೆಯ ದಿನದ ಶಿವಗಣಾರಾಧನೆಯನ್ನು ಮಗ ರೇವಣ ಜೋರಾಗಿಯೇ ಮಾಡಿದ. ಮನೆಯ ಮುಂದೆ ದೊಡ್ಡ ಫ್ಲೆಕ್ಸು. ಅದರಲ್ಲಿ ಭಾವನ ಮುಖಕ್ಕೆ ಕೋಟು, ಟೈ ಅಂಟಿಸಿದ್ದರು. ಜೀವಮಾನದಲ್ಲಿ ಕೋಟು ಮುಟ್ಟದ ಮನುಷ್ಯ. ಭಾಷಣಗಳಾದವು. ಆದರ್ಶ ಪತಿ, ಕುಟುಂಬವೇ ಕೈಲಾಸವೆಂದು ಬಾಳಿದ ಶರಣಜೀವಿ ಎಂದೆಲ್ಲ, ಬದುಕಿದ್ದಾಗ ಅವರ ಹೆಸರಿಗೆ ನಗುತ್ತಿದ್ದವರೇ ಹೇಳಿದರು. ನನಗೂ ಮೈಕು ಕೊಟ್ಟರು. ನಾನೂ ಹತ್ತು ನಿಮಿಷ ಮಾತಾಡಿದೆ. ಮಾಸ್ತರಿಕೆ ಮಾಡಿದವನಿಗೆ ಹತ್ತು ನಿಮಿಷ ಸುಳ್ಳು ಮಾತಾಡುವುದು ಕಷ್ಟವಲ್ಲ. ಕೆಲವರು ಕಣ್ಣೊರೆಸಿಕೊಂಡರು. ಆ ಹೊತ್ತಿಗೆ ಒಳಗಿನ ಖೋಲಿಯಲ್ಲಿ ಅಕ್ಕ ತಲೆ ಕೆದರಿಕೊಂಡು ಮಲಗಿದ್ದಳು. ಹನ್ನೊಂದು ದಿನದಿಂದ ಅವಳ ತಲೆಗೆ ಹಣಿಗೆ ಸೋಕಿರಲಿಲ್ಲ. ಆದರ್ಶ ಪತಿಯ ಬಗ್ಗೆ ಕೇಳಿ ಅತ್ತ ಹೆಂಗಸರು ಅಲ್ಲಿಗೇ ಹೋಗಿ, ಅವಳ ಕೆನ್ನೆ ಸವರಿ, ಹೊರಗೆ ಬಂದು ಹುಗ್ಗಿ ಉಂಡರು.

ಅಂದು ಸಂಜೆ ಭಾಗ್ಯಾ ತಾಯಿಯ ತಲೆ ನೋಡಿ, ಗಂಟು ಬಿಡಿಸಲು ಒಂದಿಷ್ಟು ಎಳೆದಾಡಿ, ಕೈಬಿಟ್ಟಳು. ಬರುವ ರವಿವಾರ ಬಂದು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಬಿಡುತ್ತೇನೆ, ಎಲ್ಲರಿಗೂ ಅನುಕೂಲ ಎಂದಳು. ಸಂಬಂಧದ ಮುದುಕಿಯೊಬ್ಬಳು, ಗಂಡನೇ ಹೋದ ಮೇಲೆ ಇನ್ನು ಹೆರಳು ಯಾರಿಗೆ ತೋರಿಸಬೇಕು ಎಂದು ಧ್ವನಿಗೂಡಿಸಿದಳು. ಗೋಡೆಯ ಮೇಲೆ ಬಸವಣ್ಣನ ಪಟ ಇತ್ತು. ಯಾರೂ ಅತ್ತ ನೋಡಲಿಲ್ಲ. ಅಕ್ಕ ಎಲ್ಲವನ್ನೂ ಕೇಳುತ್ತ ಮಲಗಿದ್ದಳು. ಕತ್ತರಿಸುವುದೇ ಸರಿ ಎಂದು ನನಗೂ ಅನ್ನಿಸಿತ್ತು.

ಅದಾದ ಮೂರನೆಯ ದಿನ ಹೊಲದಲ್ಲಿ ತೊಗರಿ ರಾಶಿ, ಒಕ್ಕುವ ಕೆಲಸ. ಮಷೀನು ಸಿಗುವುದೇ ಆ ದಿನ ಎಂದಾದ್ದರಿಂದ ರೇವಣ, ಸೊಸೆ ಸುಗಲಾ, ಆಳುಗಳು ಎಲ್ಲರೂ ಹೊತ್ತು ಮೂಡುವ ಮುಂಚೆಯೇ ಹೊಲಕ್ಕೆ ಹೊರಟರು. ಹೊಲದಲ್ಲಿ ನನ್ನಿಂದ ಏನೂ ಉಪಯೋಗವಿಲ್ಲ. ಅಕ್ಕನನ್ನು ನೋಡಿಕೊಂಡು ಮನೆಯಲ್ಲಿರಲು ಹೇಳಿದರು. ಹೊರಡುವಾಗ ಸುಗಲಾ ಹಣಿಗೆಯನ್ನು ಕಪಾಟಿನ ಮೇಲಿಟ್ಟು, ನಿಮಗೆ ಹೊತ್ತು ಹೋಗದಿದ್ದರೆ ಅತ್ತೆಯ ತಲೆಯನ್ನು ಒಂದಿಷ್ಟು ಹಿಕ್ಕಿರಿ ಎಂದಳು. ಚೇಷ್ಟೆಯೇನಲ್ಲ. ಅವಳಿಗೆ ಕೈ ತುಂಬ ಕೆಲಸ, ಮನೆಯಲ್ಲಿ ಇರುವವನು ನಾನೊಬ್ಬ.

"ನಾ ಗುಂಡಪ್ಪ ಅಲ್ಲವಾ," ಎಂದೆ.

ಅಕ್ಕನಿಗೆ ಕೇಳಿಸಿತು. ಮುಖ ಗೋಡೆಯ ಕಡೆ ತಿರುಗಿಸಿದಳು.

ಮನೆಯ ವಿವರ ಹೇಳುತ್ತೇನೆ, ಯಾಕೆಂದರೆ ನಾನೇ ಆಗಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದೆ. ಹಳೆಯ ಕಲ್ಲಿನ ಮಾಳಿಗೆ ಮನೆ. ಮುಂಬಾಗಿಲು ದಾಟಿದರೆ ಪಡಸಾಲೆ, ಅದರ ಬಲಕ್ಕೆ ಅಕ್ಕನ ಖೋಲಿ, ಹಿಂದೆ ಅಡಿಗೆಮನೆ. ಅಡಿಗೆಮನೆಯಿಂದ ಹಿತ್ತಲಿಗೆ ಒಂದು ಬಾಗಿಲಿದೆ. ಮುಂಗಾರಿನಲ್ಲಿ ಬಂದ ಉದ್ದಿನ ಚೀಲಗಳನ್ನು ಒಳಗಿನಿಂದ ಆ ಬಾಗಿಲಿಗೇ ಆನಿಸಿ ಎದೆಯುದ್ದ ಒಟ್ಟಿದ್ದರು. ಅಕ್ಕನ ಖೋಲಿಯ ಕಿಟಕಿಗೆ ಕಬ್ಬಿಣದ ಸರಳು. ಮಾಳಿಗೆಯ ಬೆಳಕಿಂಡಿಯಲ್ಲಿ ಒಂದು ಬೆಕ್ಕು ಇಳಿಯಬಹುದು, ಮನುಷ್ಯ ಇಳಿಯಲಾರ.

ಹನ್ನೊಂದು ಗಂಟೆಗೆ ಅಕ್ಕನಿಗೆ ಹಾಲಿನಲ್ಲಿ ರೊಟ್ಟಿ ಮುರಿದು ಕೊಟ್ಟೆ. ಎಡಗೈಯಿಂದ ತಾನೇ ಉಂಡಳು. ತಟ್ಟೆ ತೆಗೆದು, ಅವಳನ್ನು ಮಲಗಿಸಿ ದುಪ್ಪಟಿ ಹೊದಿಸಿದೆ. ಕೂದಲು ದಿಂಬಿನ ತುಂಬ ಹರಡಿತ್ತು, ಗಂಟುಗಂಟಾಗಿ, ಅಲ್ಲಲ್ಲಿ ಹಗ್ಗದಂತೆ ಹೊಸೆದುಕೊಂಡು. ಇದನ್ನು ನಾನು ಚೆನ್ನಾಗಿ ನೋಡಿದ್ದೇನೆ. ಅಸಹ್ಯವಾಗಿ ಮುಖ ತಿರುಗಿಸಿದ್ದೂ ನೆನಪಿದೆ. ಆಮೇಲೆ ನಾನು ಉಂಡು, ಪೇಪರು ಹಿಡಿದು ಮುಂಬಾಗಿಲಿನ ಹೊಸ್ತಿಲ ಬಳಿ ಕಟ್ಟೆಗೆ ಒರಗಿ, ಬಿಸಿಲಿಗೆ ಕಾಲು ಚಾಚಿ ಕುಳಿತೆ. ಒಳಗೆ ಹೋಗಬೇಕಾದವರು ನನ್ನ ಕಾಲು ದಾಟಿಯೇ ಹೋಗಬೇಕು.

ಓಣಿಯಲ್ಲಿ ಜನವೇ ಇರಲಿಲ್ಲ. ಇಡೀ ಊರೇ ಹೊಲದಲ್ಲಿತ್ತು. ಪೇಪರಿನ ಪದಬಂಧ ಬಿಡಿಸಿದೆ. ಮಗಳು ಫೋನ್ ಮಾಡಿದಳು, ಹತ್ತು ಹನ್ನೆರಡು ನಿಮಿಷ ಮಾತಾಡಿದೆ. ನಿದ್ದೆ ಹೋಗಿರಬೇಕು ಎಂದು ಈಗ ನೀವು ಅಂದುಕೊಳ್ಳುತ್ತಿದ್ದರೆ ತಪ್ಪಿಲ್ಲ, ನಾನೂ ಹಾಗೆಯೇ ಅಂದುಕೊಳ್ಳಲು ನೋಡಿದ್ದೇನೆ. ಆದರೆ ಪದಬಂಧ ಪೂರ್ತಿ ತುಂಬಿತ್ತು, ಎರಡನ್ನು ಬಿಟ್ಟು. ನಿದ್ದೆಯಲ್ಲಿ ಯಾರೂ ಪದಬಂಧ ಬಿಡಿಸುವುದಿಲ್ಲ. ಕಥೆಗಳಲ್ಲಿ ಬರುವ ಯಾವುದೂ ಆಗಲಿಲ್ಲ. ತಣ್ಣನೆಯ ಗಾಳಿ ಬೀಸಲಿಲ್ಲ, ನಾಯಿ ಊಳಿಡಲಿಲ್ಲ, ಹೂವಿನ ವಾಸನೆ ಬರಲಿಲ್ಲ. ನನ್ನ ಮೈಯ ಒಂದು ಕೂದಲೂ ನಿಮಿರಲಿಲ್ಲ.

ಒಂದು ಗಂಟೆ ದಾಟಿರಬೇಕು, ನೀರು ಕುಡಿಯಲೆಂದು ಎದ್ದೆ. ಪಡಸಾಲೆ ದಾಟುವಾಗ ಅಕ್ಕನ ಖೋಲಿಯ ಕಡೆ ಕಣ್ಣು ಹೋಯಿತು.

ಅಕ್ಕ ಎದ್ದು ಕುಳಿತಿದ್ದಳು. ಬೆನ್ನಿಗೆ ದಿಂಬು ಆನಿಸಿಕೊಂಡು, ಗೋಡೆಗೆ ಒರಗಿ, ನೆಟ್ಟಗೆ. ಎಡಗಿವಿಯ ಕೆಳಗಿನಿಂದ ಭುಜದ ಮೇಲೆ ಹಾದು ಮಡಿಲಿನವರೆಗೆ ಹೆರಳು ಬಂದಿತ್ತು. ಬೈತಲೆ ನೆಟ್ಟಗೆ ತೆಗೆದಿತ್ತು. ಒಂದು ಗಂಟೂ ಇರಲಿಲ್ಲ. ತುದಿಯಲ್ಲಿ ಬಿಳಿ ಪಟ್ಟಿ.

ನಾನು ಹತ್ತಿರ ಹೋಗಿ ಎಣಿಸಿದೆ. ನಾಲ್ಕೆಳೆ. ಆ ಮನೆಯಲ್ಲಿ ನಾಲ್ಕೆಳೆಯದು ಹಾಕಲು ಬರುತ್ತಿದ್ದವರು ಅಕ್ಕ ಮತ್ತು ಭಾವ ಇಬ್ಬರೇ. ಅವ್ವ ತೀರಿ ಆರು ವರ್ಷವಾಗಿತ್ತು. ಭಾಗ್ಯಾಳಿಗೆ ಬರುವುದಿಲ್ಲ, ಸುಗಲಾಳಿಗೆ ಬರುವುದಿಲ್ಲ.

"ಇವತ್ತ ಭಾಳ ಬಿಗೀ ಹಾಕ್ಯಾರ," ಎಂದು ಅಕ್ಕ ತೊದಲುತ್ತ, ಎಡಗೈಯಿಂದ ಕಿವಿಯ ಹತ್ತಿರ ಮುಟ್ಟಿ ತೋರಿಸಿದಳು.

ಯಾರು ಎಂದು ಕೇಳಿದೆ. ಅವಳು ನನ್ನನ್ನು ನೋಡಿದ ರೀತಿ ಮರೆಯಲಾರೆ. ನಾನು ಮೂವತ್ತು ವರ್ಷ ದಡ್ಡ ಹುಡುಗರನ್ನು ನೋಡಿದ ನೋಟವೇ ಅದು.

"ಬಾಗಲ್ದಾಗೇ ಕುಂತಿದ್ದಿ. ನಿನ್ನ ಮುಂದ ಹಾದೇ ಬಂದ್ರು. ಮಾತಾಡಸ್ಲಿಲ್ಲೇನು ನೀ?"

ನಾನು ಮನೆಯೆಲ್ಲ ಹುಡುಕಿದೆ. ಹಿಂಬಾಗಿಲ ಚೀಲಗಳು ಒಟ್ಟಿದಂತೆಯೇ ಇದ್ದವು. ಅಡಿಗೆಮನೆ, ಅಟ್ಟ, ಬಚ್ಚಲು, ಮಂಚದ ಕೆಳಗೆ, ಕಾಳಿನ ಕಣಜದ ಹಿಂದೆ ನೋಡಿದೆ. ಓಣಿಗೆ ಹೋಗಿ ಎರಡೂ ಕಡೆ ನೋಡಿ ಬಂದೆ. ಹಣಿಗೆ ಕಪಾಟಿನ ಮೇಲೆ, ಸುಗಲಾ ಇಟ್ಟಲ್ಲೇ ಇತ್ತು. ಅಷ್ಟು ಎತ್ತರಕ್ಕೆ ಅಕ್ಕನ ಕೈ ಗಟ್ಟಿಯಿದ್ದಾಗಲೂ ಎಟುಕುತ್ತಿರಲಿಲ್ಲ.

ಆಗ ನನಗೆ ಆದದ್ದು ಭಯವಲ್ಲ, ಸಿಟ್ಟು. ಯಾರೋ ನನ್ನನ್ನು ಮೂರ್ಖನನ್ನಾಗಿ ಮಾಡುತ್ತಿದ್ದಾರೆ ಎಂಬ ಸಿಟ್ಟು. ಅದರಲ್ಲೂ ಮಾತಾಡಿಸಲಿಲ್ಲವೇ ಎಂಬ ಆ ಪ್ರಶ್ನೆ. ಒಂದು ಪ್ರಯೋಗ ಎರಡನೆಯ ಸಲವೂ ಅದೇ ಫಲ ಕೊಟ್ಟರೆ ಮಾತ್ರ ಅದು ಪ್ರಯೋಗ ಎಂದು ವರ್ಷ ವರ್ಷವೂ ಮಕ್ಕಳಿಗೆ ಹೇಳಿದವನು ನಾನು. ಬಂದವರು ಮತ್ತೊಮ್ಮೆ ಬರಲಿ, ನಾನು ನೋಡುತ್ತೇನೆ ಎಂದುಕೊಂಡೆ. ಮಂಚದ ಮೇಲೆ ಕುಳಿತು ಹೆರಳಿನ ತುದಿಗೆ ಕೈ ಹಾಕಿದೆ.

ಅಕ್ಕ ಅದನ್ನು ಎಡಗೈಯಲ್ಲಿ ಹಿಡಿದುಕೊಂಡಳು.

"ಬಿಚ್ಚಬ್ಯಾಡೋ ತಮ್ಮಾ."

ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಒಂದು ಕೈಯಷ್ಟೇ ನೆಟ್ಟಗಿದ್ದ ಹೆಂಗಸು, ಎಷ್ಟು ಹೊತ್ತು ಹಿಡಿದಾಳು. ಪಟ್ಟಿ ಬಿಚ್ಚಿದೆ, ನಾಲ್ಕೂ ಎಳೆಗಳನ್ನು ಬುಡದವರೆಗೆ ಬಿಡಿಸಿದೆ. ಅವಳು ಕೂಗಲಿಲ್ಲ, ಅಳಲಿಲ್ಲ. ಕಣ್ಣು ಮುಚ್ಚಿಕೊಂಡಳು. ಅವಳನ್ನು ಮೊದಲಿನಂತೆ ಮಲಗಿಸಿ, ದುಪ್ಪಟಿ ಹೊದಿಸಿ, ನಾನು ಮೊದಲು ಕುಳಿತಲ್ಲಿಯೇ, ಮೊದಲು ಕುಳಿತಂತೆಯೇ ಹೋಗಿ ಕುಳಿತೆ. ಪೇಪರು ಕೂಡ ಕೈಯಲ್ಲಿ ಹಿಡಿದುಕೊಂಡೆ. ಅದನ್ನು ನೆನೆದರೆ ನನಗೇ ಹೇಸಿಗೆಯಾಗುತ್ತದೆ.

ಕಾಲು ಗಂಟೆಗೊಮ್ಮೆ ಎದ್ದು ಹೋಗಿ ನೋಡಿದೆ. ಎರಡು ಗಂಟೆ, ಮೂರು, ನಾಲ್ಕು. ಅಕ್ಕ ಮಲಗಿಸಿದ ಹಾಗೆಯೇ ಇದ್ದಳು. ಕೂದಲು ದಿಂಬಿನ ಮೇಲೆ ಹರಡಿತ್ತು. ಪ್ರತಿ ಸಲ ಅವಳ ಕಣ್ಣು ಬಾಗಿಲ ಕಡೆ ತಿರುಗುತ್ತಿತ್ತು. ಬಂದವನು ನಾನೆಂದು ಕಂಡು ಮತ್ತೆ ಮುಚ್ಚುತ್ತಿತ್ತು.

ಸಂಜೆ ಮನೆಯವರು ಮೈತುಂಬ ಹೊಟ್ಟು ಮೆತ್ತಿಕೊಂಡು ಬಂದರು. ಸುಗಲಾ ಅತ್ತೆಯ ಖೋಲಿಗೆ ಹೋಗಿ ಬಂದು, ತಲೆ ಹಿಕ್ಕಿದಿರೇನು, ಗಂಟೆಲ್ಲ ಬಿಟ್ಟಿವೆಯಲ್ಲ ಎಂದು ಕೇಳಿದಳು. ಹ್ಞೂಂ ಎಂದೆ. ಬೇರೆ ಏನು ಹೇಳಲಿ. ಚಲೋ ಮಾಡಿದಿರಿ ಎಂದು ಅವಳು ನನಗೆ ಚಹಾ ಕಾಸಿ ಕೊಟ್ಟಳು, ನಾನು ಕುಡಿದೆ.

ರವಿವಾರ ಭಾಗ್ಯಾ ಜೇವರ್ಗಿಯಿಂದ ಕತ್ತರಿಯೊಡನೆ ಬಂದಳು. ಆಗ ನಾನು, ಇರಲಿ ಬಿಡವ್ವ, ಕತ್ತರಿಸಬೇಡ ಎಂದೆ. ಎಲ್ಲರೂ ನನ್ನನ್ನೇ ನೋಡಿದರು.

"ಹಂಗಾದ್ರ ದಿನಾ ಯಾರು ಹಿಕ್ಕಬೇಕ್ರಿ ಮಾಮಾ? ನೀವ್ ಹಿಕ್ಕತೀರೇನು?" ಎಂದಳು ಭಾಗ್ಯಾ. ಸಿಟ್ಟಿನಿಂದಲ್ಲ, ನಿಜವಾಗಿಯೇ ಕೇಳಿದಳು. ಕಲಬುರಗಿಯಲ್ಲಿ ನನಗೆ ಮನೆಯಿತ್ತು, ವಿಜ್ಞಾನ ಸಂಘದ ಕೆಲಸಗಳಿದ್ದವು, ಮುಂದಿನ ವಾರ ಒಂದು ಹಳ್ಳಿಯಲ್ಲಿ ಮೂಢನಂಬಿಕೆಯ ಮೇಲೆ ಭಾಷಣವಿತ್ತು. ಅಕ್ಕ ತಾನೇ ತಲೆ ಬಗ್ಗಿಸಿಕೊಟ್ಟಳು. ಹತ್ತು ನಿಮಿಷದ ಕೆಲಸ.

ಆ ಭಾಷಣಕ್ಕೆ ನಾನು ಹೋಗಲಿಲ್ಲ, ಜ್ವರವೆಂದು ಹೇಳಿ ತಪ್ಪಿಸಿಕೊಂಡೆ. ಅಕ್ಕ ಮತ್ತೆ ಎರಡು ವರ್ಷ ಬದುಕಿದಳು. ನಾನು ಹೋದಾಗಲೆಲ್ಲ ಮಕ್ಕಳ ಸುದ್ದಿ, ನನ್ನ ಬಿಪಿಯ ಸುದ್ದಿ ಕೇಳುತ್ತಿದ್ದಳು. ಆ ದಿನದ ಮಾತನ್ನು ಅವಳು ಎತ್ತಲಿಲ್ಲ, ಎತ್ತಲು ನನಗೆ ಮುಖವಿರಲಿಲ್ಲ.

ಡಾಕ್ಟರ್ ಗೆಳೆಯರೊಬ್ಬರಿಗೆ, ಯಾರದೋ ಮನೆಯಲ್ಲಿ ನಡೆದದ್ದೆಂದು ಸುಳ್ಳು ಹೇಳಿ, ಇದನ್ನು ಕೇಳಿದ್ದೆ. ಸತ್ತ ಕೈಗೆ ಒಮ್ಮೊಮ್ಮೆ ಘಳಿಗೆಯ ಮಟ್ಟಿಗೆ ಜೀವ ಬರುವುದುಂಟು ಎಂದು ಅವರು ಏನೇನೋ ಹೇಳಿದರು. ಒಂಬತ್ತು ವರ್ಷ ಬಿದ್ದಿದ್ದ ಕೈ ಎದ್ದು, ಕಪಾಟಿನ ಮೇಲಿನ ಹಣಿಗೆ ಇಳಿಸಿ, ಹದಿನಾಲ್ಕು ದಿನದ ಗಂಟು ಬಿಡಿಸಿ, ಹೆರಳು ಹಾಕಿ, ಹಣಿಗೆಯನ್ನು ಅಲ್ಲೇ ಇಟ್ಟು ಮತ್ತೆ ಬಿತ್ತು ಎನ್ನುವುದಾದರೆ, ಅದಕ್ಕಿಂತ ದೆವ್ವವೇ ವಾಸಿ. ನೆರೆಮನೆಯ ಹೆಂಗಸು ಬಂದಿರಬೇಕು, ನನಗೆ ಭ್ರಮೆಯಾಗಿರಬೇಕು ಎಂಬ ಮಾತುಗಳನ್ನು ನನಗೆ ನಾನೇ ಹೇಳಿಕೊಂಡಿದ್ದೇನೆ. ಬೇರೆಯವರು ಇಂಥ ಸಮಾಧಾನ ತಂದಿದ್ದರೆ ಎರಡು ನಿಮಿಷದಲ್ಲಿ ಹರಿದು ಒಗೆಯುತ್ತಿದ್ದೆ.

ಭಾವ ಬಂದಿದ್ದರು ಎಂದು ನಾನು ಹೇಳುವುದಿಲ್ಲ, ಬಂದಿರಲಿಲ್ಲ ಎಂದು ಹೇಳುವ ಹಕ್ಕು ನನಗಿಲ್ಲ. ಆ ಹೆರಳನ್ನು ಸಂಜೆಯವರೆಗೆ ಹಾಗೆಯೇ ಬಿಟ್ಟಿದ್ದರೆ ಹೊಲದಿಂದ ಬಂದವರೆಲ್ಲ ನೋಡುತ್ತಿದ್ದರು. ರೇವಣ ನೋಡುತ್ತಿದ್ದ, ಸುಗಲಾ ಮುಟ್ಟಿ ಎಣಿಸುತ್ತಿದ್ದಳು, ಸುದ್ದಿ ಜೇವರ್ಗಿಗೆ ಮುಟ್ಟಿ ಭಾಗ್ಯಾ ಕತ್ತರಿ ತರುತ್ತಿದ್ದಳೋ ಇಲ್ಲವೋ. ಇಂದು ನನ್ನ ಮಾತಿಗೆ ಸಾಕ್ಷಿಯೆಂದು ನಾಲ್ಕು ಜನ ಇರುತ್ತಿದ್ದರು. ಇದ್ದ ಒಂದು ಪುರಾವೆಯನ್ನು, ಪುರಾವೆ ಬೇಕೆಂದು, ನಾನೇ ಕೈಯಾರೆ ಬಿಚ್ಚಿ ಹಾಕಿದೆ.